ಐದನೇ ನಂಬರಿನ ದಾರ

ರೇಣುಕಮ್ಮ ಐದನೇ ನಂಬರಿನ ಹಸಿರು ಜರ್ಸಿಯ ಕಾಲರ್ ತಿರುವಿ ತೋರಿಸಿದಳು. ಒಳಗೆ ಕೆಂಪು ದಾರದಲ್ಲಿ ಹೊಲಿದ ನಾಲ್ಕು ಹೆಸರುಗಳಿದ್ದವು. ಕೊನೆಯದು ಅವಳ ಮಗ ನಿಂಗರಾಜನದು. ಸೂಜಿ ಇನ್ನೂ ದಾರದಲ್ಲೇ ನೇತಾಡುತ್ತಿತ್ತು.

ಸಂತೆಕಲ್ಲೂರಿನ ಕಬಡ್ಡಿ ತಂಡದಲ್ಲಿ ಆಟ ಬಿಟ್ಟವನ ಹೆಸರನ್ನು ಮನೆಯವರೇ ಕಾಲರಿನೊಳಗೆ ಹೊಲಿದು, ದಾರ ಕತ್ತರಿಸಿ ಕೊಡಬೇಕು. ಆಮೇಲೆಯೇ ಆ ನಂಬರು ಇನ್ನೊಬ್ಬನಿಗೆ. ನಿಂಗರಾಜ ಬೈಕ್ ಅಪಘಾತದಲ್ಲಿ ತೀರಿಕೊಂಡು ವರ್ಷವಾದರೂ ಐದನೇ ನಂಬರನ್ನು ಯಾರೂ ತೊಟ್ಟಿರಲಿಲ್ಲ.

“ಹೆಸರು ಹೊಲ್ದೀನಪಾ,” ಎಂದಳು. “ದಾರ ಕತ್ತರ್ಸಾಕ ಕೈ ಬರವಲ್ದು. ನೀನ ಕತ್ತರ್ಸು.”

ಅಂದಿನ ಪಂದ್ಯಕ್ಕೆ ಆ ಜರ್ಸಿ ತೊಡಬೇಕಿದ್ದ ಆದಪ್ಪ ಕತ್ತರಿ ಹಿಡಿದು ನಿಂತ. ಮಸ್ಕಿಯ ತಂಡ ಆಗಲೇ ಅಂಕಣದಲ್ಲಿ ಕಾಯುತ್ತಿತ್ತು. ಅಂಪೈರ್ ಎರಡನೇ ಸಲ ಸೀಟಿ ಊದಿದ. ಆದಪ್ಪ ಕತ್ತರಿಯನ್ನು ನೆಲಕ್ಕಿಟ್ಟ. ದಾರದಿಂದ ಸೂಜಿಯನ್ನಷ್ಟೇ ಬಿಡಿಸಿ ಅವಳ ಅಂಗೈಯಲ್ಲಿಟ್ಟ.

“ಇರ್ಲಿ ಬಿಡಬೇ ಯವ್ವಾ. ನಿಂಗ್ಯಾ ಆಟ ಎಲ್ಲಿ ಬಿಟ್ಟಾನ?”

ಜರ್ಸಿ ತೊಟ್ಟು ಅವನು ಅಂಕಣಕ್ಕಿಳಿದಾಗ ಕಾಲರಿನಿಂದ ಹೊರಬಂದ ಗೇಣುದ್ದದ ಕೆಂಪು ದಾರ ಬೆನ್ನ ಮೇಲೆ ಹಾರುತ್ತಿತ್ತು. ರೇಣುಕಮ್ಮ ಆಟ ನೋಡಲಿಲ್ಲ, ದಾರವನ್ನೇ ನೋಡಿದಳು.