ತಾನಾಗಿ ತಿರುಗಿದ ಚುಕ್ಕಾಣಿ

ರಾತ್ರಿ ಎಂಟರ ಹೊತ್ತಿಗೆ ಟಕ್ ಟಕ್ ಎಂದು ಸದ್ದಾಯಿತು. ಮಹೇಶ್ವರಿ ಬಾಗಿಲು ತೆರೆದಳು. ಹೊರಗೆ ಯಾರೂ ಇರಲಿಲ್ಲ. ಸದ್ದು ಮತ್ತೆ ಬಂತು, ಈ ಸಲ ಬೆನ್ನ ಹಿಂದಿನಿಂದ. ಕಪಾಟಿನ ಮೇಲಿದ್ದ ಅವಳ ಪುಟ್ಟ ಹಾಯಿದೋಣಿಯ ಚುಕ್ಕಾಣಿ ತಾನಾಗಿ ತಿರುಗುತ್ತ ಗೋಡೆಗೆ ಬಡಿಯುತ್ತಿತ್ತು. ದುರಸ್ತಿ ಮುಗಿಸಿ ದೋಣಿಯ ಸ್ವಿಚ್ ಆರಿಸಲು ಅವಳು ಮರೆತಿದ್ದಳು, ನಿಜ. ಆದರೆ ಅದನ್ನು ಓಡಿಸುವ ರಿಮೋಟು ಬ್ಯಾಟರಿಯಿಲ್ಲದೆ ಮೇಜಿನ ಮೇಲೆ ಬಿದ್ದಿತ್ತು!

ಕಳೆದ ಭಾನುವಾರ ಹುಲಿಕೆರೆಯ ಸ್ಪರ್ಧೆಯಲ್ಲಿ ಎಲ್ಲರಿಗಿಂತ ಮುಂದಿದ್ದ ಈ ದೋಣಿ ಹೀಗೆಯೇ ಹಿಡಿತ ತಪ್ಪಿ ಬಂಡೆಗೆ ಅಪ್ಪಳಿಸಿತ್ತು. ಅವಳ ರಿಮೋಟಿನ ತರಂಗವನ್ನು ಗೊತ್ತುಮಾಡುವ ಕ್ರಿಸ್ಟಲ್ಲಿಗೆ ಜೋಡಿಯಾದ ಇನ್ನೊಂದನ್ನು ಬೇರೆ ರಿಮೋಟಿಗೆ ಹಾಕಿ ಯಾರೋ ಗುಟ್ಟಾಗಿ ಬಳಸಿದ್ದರು. ಅವಳು ಎದುರಾಳಿ ಹುಸೇನಬಾಷಾನತ್ತ ಬೆರಳು ತೋರಿಸಿದ್ದಳು. ನಾಳೆ ಅಂತಿಮ ಸ್ಪರ್ಧೆಗೆ ಮುನ್ನ ದೋಣಿ ಸಂಘ ಅವನನ್ನು ಹೊರಹಾಕಲಿತ್ತು. ಈಗ ಅವನೇ ಹಿತ್ತಲಲ್ಲಿ ಹೊಂಚುಹಾಕಿ ನಿಂತಿರುವನೇ?

"ಅಣ್ಣಾ, ಲಗೂನ ಕೆಳಗ ಬಾರೋ! ಹುಸೇನಬಾಷಾ ಇಲ್ಲೇ ಎಲ್ಲೋ ಅದಾನ!"

ಮಾಳಿಗೆಯ ಮೇಲಿಂದ ಅಣ್ಣ ನಾಗೇಶ ನಕ್ಕ. "ಹುಚ್ಚಿ, ಕೆರ್ಯಾಗ ಹುಲಿ, ಮನ್ಯಾಗ ಇಲಿ ಆದಿ ನೋಡು! ಅಗಳಿ ಹಾಕ್ಕೊಂಡು ಸುಮ್ನ ಮಲಕೋ. ನಾಳೆ ಅಂವನ್ನ ಹೊರಗ ಹಾಕೇ ಹಾಕ್ತೀವಿ."

ಅಗಳಿಯತ್ತ ಚಾಚಿದ ಅವಳ ಕೈ ಅಲ್ಲೇ ನಿಂತಿತು. ಚುಕ್ಕಾಣಿ ಮತ್ತೆ ತಿರುಗಿತು: ಎಡಕ್ಕೆ ಎರಡು ಸಲ, ಬಲಕ್ಕೆ ಒಂದು ಸಲ, ಮತ್ತೆ ಎಡಕ್ಕೆ ಎರಡು ಸಲ. ಸ್ಪರ್ಧೆಯ ಹಿಂದಿನ ದಿನ ರಿಮೋಟನ್ನು ಹೀಗೆ ಪರೀಕ್ಷಿಸುವ ಕೈ ಊರಿನಲ್ಲಿ ಒಂದೇ ಇತ್ತು; ಅವಳಿಗೆ ದೋಣಿ ಓಡಿಸಲು ಕಲಿಸಿದ್ದೂ ಆ ಕೈಯೇ.

ನಾಗೇಶನ ಕೈ.