ಎಟುಕದ ಕಪಾಟು

ಸ್ನೇಹಲ ತುದಿಗಾಲ ಮೇಲೆ ನಿಂತು ಸಾಬೂನು ಪುಡಿಯ ಡಬ್ಬಿಯನ್ನು ಕಪಾಟಿನೊಳಗೆ ಇಡಲು ನೋಡಿದಳು. ಕೆಳಗಿನ ಖಾನೆಗೂ ಕೈ ಎಟುಕಲಿಲ್ಲ. ಚಿಕ್ಕೋಡಿಯಿಂದ ಪ್ಲೈವುಡ್ ತಂದು, ತಾನೇ ಕೊಯ್ದು, ಉಜ್ಜಿ, ಬಟ್ಟೆ ಒಗೆಯುವ ಮಶಿನ್ನಿನ ಮೇಲುಗಡೆ ಆ ಕಪಾಟನ್ನು ಕೂರಿಸಿದ್ದ ಅವಳ ಗಂಡ ಸಮಾಧಾನ, ಹೊಸ ಹೆಂಡತಿಯ ಮೆಚ್ಚುಗೆಗಾಗಿ ಬಾಗಿಲಲ್ಲೇ ಕಾದು ನಿಂತಿದ್ದ.

“ಎಷ್ಟ ಮ್ಯಾಲ ಹೊಡದೀರಿ! ಯಾರ ಅಳತಿ ತಗೊಂಡೀರಿ?” ಎಂದು ಅವಳು ನಕ್ಕಳು.

“ಅಂದಾಜ ಮ್ಯಾಲ ಹೊಡದೀನಿ,” ಎನ್ನುತ್ತ ಅವನೂ ನಗಲು ಹೋದ. ನಗು ಅಲ್ಲೇ ನಿಂತಿತು. ಗೋಡೆಗೆ ಪೆನ್ಸಿಲ್ಲಿನಿಂದ ಗೀಟು ಹಾಕುವಾಗ ಅವನ ಕಣ್ಣ ಮುಂದೆ ಒಬ್ಬಳು ಕೈ ಎತ್ತಿ ನಿಂತಿದ್ದಳು. ಅವಳ ಬೆರಳ ತುದಿ ಮುಟ್ಟಿದಲ್ಲೇ ಅವನು ಗೀಟು ಎಳೆದಿದ್ದ. ಅವನಷ್ಟೇ ಎತ್ತರದ ನೀಲಮ. ಕಾಮಾಲೆಯಾಗಿ ತೀರಿಹೋದ ಮೊದಲ ಹೆಂಡತಿ. ಸ್ನೇಹಲ ತನ್ನ ಭುಜಕ್ಕಷ್ಟೇ ಬರುವವಳೆಂದು ಆ ಹೊತ್ತು ಅವನಿಗೆ ಹೊಳೆದೇ ಇರಲಿಲ್ಲ.

“ಬಿಚ್ಚತೀನಿ,” ಎಂದು ಸ್ಕ್ರೂಡ್ರೈವರಿಗೆ ಕೈ ಹಾಕಿದ. ಮೊದಲ ಸ್ಕ್ರೂವಿಗೆ ಅದರ ತುದಿ ಇಟ್ಟವನು ತಿರುಗಿಸದೆ ಹಾಗೇ ಹಿಡಿದುಕೊಂಡ. ಸ್ನೇಹಲ ಆ ಕೈಯನ್ನು ನೋಡಿದಳು, ತಲೆ ಎತ್ತಿ ಕಪಾಟನ್ನು ನೋಡಿದಳು. ಕಣ್ಣಾರೆ ಕಾಣದ, ಫೋಟೋದಲ್ಲಷ್ಟೇ ಗಂಡನ ಸರಿಸಮ ಎತ್ತರಕ್ಕೆ ನಿಂತಿದ್ದ ನೀಲಮಳನ್ನು ಈ ಮನೆಗೆ ಬಂದ ದಿನದಿಂದಲೂ ಅವಳು ಅಕ್ಕ ಎಂದೇ ಕರೆಯುತ್ತಿದ್ದಳು.

“ಬ್ಯಾಡ್ರಿ. ಅದು ಅಕ್ಕಂದ ಇರ್ಲಿ,” ಎಂದು ಕಪಾಟಿನ ಕೆಳಗೆ, ಖಾಲಿ ಗೋಡೆಗೆ, ತನ್ನ ಒದ್ದೆ ಅಂಗೈ ಒತ್ತಿ ನಿಂತಳು. “ನಂದು ಇಲ್ಲಿ ಹೊಡೀರಿ.”