ಏಳು ವರ್ಷದ ಎತ್ತರ

ಬೆಳಗಾವಿಯ ಈ ಮಕ್ಕಳ ಫುಟ್‌ಬಾಲ್ ಕ್ಲಬ್ಬಿಗೆ ಸ್ವಯಂಸೇವಕರಾಗಿ ಬರುವ ದೊಡ್ಡವರನ್ನು ಮೊದಲು ಏಳು ವರ್ಷದ ಮಗುವಿನಷ್ಟು ಚಿಕ್ಕವರನ್ನಾಗಿ ಮಾಡುತ್ತಾರೆ. ಅರ್ಧ ಗಂಟೆಯ ಕೆಲಸ; ಅಳತೆಯ ಚಡ್ಡಿ, ಅಂಗಿ ಕ್ಲಬ್ಬಿನವರೇ ಕೊಡುತ್ತಾರೆ. ಆಮೇಲೆ ಕೋಚ್ ಬಂದು ಒಂದು ಮಾತು ಹೇಳುತ್ತಾರೆ. ಅದು ಯಾವ ಮಾತೆಂದು ಊರಿಗೆಲ್ಲ ಗೊತ್ತು.

ಬಸ್ ಕಂಡಕ್ಟರ್ ಕಸ್ತೂರಿ ಬೆಳಿಗ್ಗೆಯಿಂದ "ಒಲ್ಲೆ" ಎಂದು ಜೋರಾಗಿ ಹೇಳಿ ರೂಢಿ ಮಾಡಿಕೊಂಡಿದ್ದಳು.

ಮೈದಾನದಲ್ಲಿ ಕೋಚ್ ಜಾಧವ ಸರ್ ಪುಟ್ಟ ಕಸ್ತೂರಿಯ ಹೆಗಲ ಮೇಲೆ ಕೈಯಿಟ್ಟು ಬಗ್ಗಿದರು. ಮುಖದಲ್ಲಿ ನಗುವಿತ್ತು.

"ಆಟ ಮುಗಿದ ಮ್ಯಾಲೆ ನೀ ಒಬ್ಬಾಕಿನ ಇರು. ಮನ್ಯಾಗ ಹೇಳಬ್ಯಾಡ, ಆತಿಲ್ಲೊ?"

ಕಸ್ತೂರಿ ಹೂಂ ಎಂದು ತಲೆಯಾಡಿಸಿದಳು.

ಮತ್ತೆ ದೊಡ್ಡವಳಾಗಿ, ಸೀರೆಯುಟ್ಟು ಅವಳು ಆಫೀಸಿಗೆ ಬಂದಳು. ಅವಳಿಗಿಂತ ಮುಂಚೆ ಸ್ವಯಂಸೇವಕರಾಗಲು ಬಂದಿದ್ದ ಒಬ್ಬ ಹೆಡ್‌ಮಾಸ್ತರರನ್ನು ಆಗಲೇ ವಾಪಸ್ ಕಳಿಸಿದ್ದರು. "ನಾ ಏನ್ ಅಂಜಿಲ್ಲರಿ, ಸುಮ್ಮನ ಹೂಂ ಅಂದೆ" ಎಂದು ಅವರು ಹೇಳಿದ್ದರಂತೆ.

"ಪರೀಕ್ಷೆ ಅಂತ ಗೊತ್ತಿತ್ತಲ್ರಿ," ಕಾರ್ಯದರ್ಶಿ ಸರೋಜಕ್ಕ ಕೇಳಿದರು. "ಯಾಕ ಒಲ್ಲೆ ಅನಲಿಲ್ಲ?"

ಕಸ್ತೂರಿ ತನ್ನ ತಲೆಗಿಂತ ಮೇಲಕ್ಕೆ ಕೈಯೆತ್ತಿ ತೋರಿಸಿದಳು. "ಸರ್ ಭಾಳ ಎತ್ತರ ಇದ್ರು, ಅಕ್ಕಾರ. ನಗಾಕತ್ತಿದ್ರು ಬ್ಯಾರೆ."

ಸರೋಜಕ್ಕ ಕೋಚ್‌ಗಳು ಊದುವ ಸೀಟಿಯೊಂದನ್ನು ಅವಳ ಮುಂದಿಟ್ಟರು.

"ಸೋಮವಾರದಿಂದ ಬರ್ರಿ. 'ಆಗ ಯಾಕ ಹೇಳಲಿಲ್ಲ' ಅಂತ ನೀವು ಇನ್ನ ಯಾವ ಮಗೂಗೂ ಕೇಳೂದಿಲ್ಲ."